ಮುಚ್ಚಳ ತೆಗೆದು ನೋಡುವ ಸುಖ

ಲಿನಕ್ಸ್ ಕಂಪ್ಯೂಟರಿನಲ್ಲಿ ‘ಕಗಪ’ ಕೀಲಿಮಣೆ ಬಳಸಿ ಕನ್ನಡ ಬರೆಯುವವರು ಬಿಡುವಾದಾಗ ಒಮ್ಮೆ ಆ ಕೀಲಿಮಣೆಯ ಮೂಲವನ್ನು ತೆರೆದು ನೋಡಬೇಕು. ಎಕ್ಸ್‌ಕೆಬಿ ಎಂಬ ಫೋಲ್ಡರು, ಅದರೊಳಗೆ ‘ಸಿಂಬಲ್ಸ್’, ಅದರೊಳಗೆ ‘ಇನ್’ ಎಂಬ ಫೈಲು. ಭಾರತದ ಭಾಷೆಗಳ ಕೀಲಿಮಣೆಗಳು ಅದರಲ್ಲಿ ಸಾಲಾಗಿ ಕುಳಿತಿವೆ. ಯಾವ ವಿಶೇಷ ಉಪಕರಣವೂ ಬೇಡ, ಸಾಧಾರಣ ಟೆಕ್ಸ್ಟ್ ಎಡಿಟರಿನಲ್ಲೇ ತೆರೆಯುತ್ತದೆ. ಕನ್ನಡದ ಭಾಗಕ್ಕೆ ಬಂದರೆ ಒಂದೊಂದು ಕೀಲಿಗೆ ಒಂದೊಂದು ಸಾಲು. ಯು0ಸಿ95 ಎಂಬ ಯೂನಿಕೋಡ್ ಸಂಖ್ಯೆಯಿದ್ದರೆ ಅದು ‘ಕ’, ಯು0ಸಿ96 ಎಂದರೆ ‘ಖ’, ಯು0ಸಿಸಿಡಿ ಎಂದರೆ ಎಫ್ ಕೀಲಿಯಲ್ಲಿರುವ ಹಲಂತ. ‘ಅಕ್ಕ’ ಎಂದು ಬರೆಯಲು ಎ, ಕೆ, ಎಫ್, ಕೆ ಎಂದು ಬೆರಳು ತಾನಾಗಿಯೇ ಓಡುತ್ತದಲ್ಲ, ಆ ಓಟದ ಹಿಂದಿರುವುದು ಇಷ್ಟೇ ಸಾಲುಗಳು. ಕೆ.ಪಿ. ರಾವ್ ಅವರು ಯೋಚಿಸಿ ಜೋಡಿಸಿದ ಅಕ್ಷರಕ್ರಮ ಇಲ್ಲಿ ಕಣ್ಣೆದುರಿಗೇ ಇದೆ. ಒಂದು ಕೀಲಿ ನಮಗೆ ಒಗ್ಗದಿದ್ದರೆ ಆ ಸಾಲು ತಿದ್ದಿಕೊಳ್ಳಬಹುದು. ತಿದ್ದಿದ್ದು ಎಲ್ಲರಿಗೂ ಉಪಯೋಗವಾಗುವಂಥದ್ದಾದರೆ ಮೂಲಕ್ಕೇ ಸೇರಿಸಿ ಎಂದು ಕಳಿಸಲೂಬಹುದು.

ವಿಂಡೋಸ್ ಬಿಟ್ಟು ಲಿನಕ್ಸಿಗೆ ಬರುವುದರ ಲಾಭವೇನೆಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ‘ದುಡ್ಡು ಕೊಡಬೇಕಿಲ್ಲ’ ಎಂಬುದು. ಇದು ನಿಜ, ಆದರೆ ತೀರಾ ಸಣ್ಣ ಉತ್ತರ. ಲ್ಯಾಪ್‌ಟಾಪಿನ ಬೆಲೆಯಲ್ಲೇ ವಿಂಡೋಸಿನ ದುಡ್ಡೂ ಸೇರಿರುವಾಗ ಎಷ್ಟೋ ಜನಕ್ಕೆ ಅದು ಉಳಿತಾಯವೆಂದು ಅನಿಸುವುದೇ ಇಲ್ಲ. ನಾನು ಹೇಳುವ ಲಾಭ ಬೇರೆ. ದಿನವಿಡೀ ಕೈಯಲ್ಲಿರುವ ಸಲಕರಣೆಯ ಮುಚ್ಚಳ ತೆಗೆಯಲು ಬರುತ್ತದೆ ಎಂಬುದು. ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಅಂಥ ಒಂದು ಮುಚ್ಚಳದಿಂದ. ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡಾಗ ಕಾಯುತ್ತಿರುವವರಿಗೆ ಸುದ್ದಿ ಮುಟ್ಟುವ ಹಾಗೆ ಮಾಡಿದ್ದರು. ಹೊಸ ಪ್ರಿಂಟರು ಬಂದಾಗ ಅದರ ತಂತ್ರಾಂಶದ ಮೂಲಪಠ್ಯ, ಅಂದರೆ ಸೋರ್ಸ್ ಕೋಡ್, ಸಿಗಲಿಲ್ಲ, ಆ ಚಿಕ್ಕ ಅನುಕೂಲವೂ ಹೋಯಿತು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯನ್ನು ಸಾರಿದರು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆಯುತ್ತಿದ್ದ ಲಿನಕ್ಸ್ ಕರ್ನೆಲ್ (ಇಡೀ ವ್ಯವಸ್ಥೆಯ ತಿರುಳು) ಹೊರಬಂತು, ಮರುವರ್ಷ ಅದು ಗ್ನೂ ಪರವಾನಗಿಯಡಿ ಬಂತು. ಉಳಿದದ್ದು ಎಲ್ಲರಿಗೂ ಗೊತ್ತು.

ಮುಚ್ಚಳ ತೆಗೆಯುವ ಹಕ್ಕು ಪ್ರೋಗ್ರಾಮರುಗಳಿಗಷ್ಟೇ ಬೇಕಾದದ್ದು ಎಂಬ ಮಾತನ್ನು ಕನ್ನಡಿಗರು ಒಪ್ಪಬಾರದು, ಏಕೆಂದರೆ ಮುಚ್ಚಿದ ಪೆಟ್ಟಿಗೆಯ ಬೆಲೆ ನಮ್ಮ ಬರವಣಿಗೆ ತೆತ್ತಿದೆ. ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚೆ, ಬಂದ ಮೇಲೂ ಬಹಳ ವರ್ಷ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಫಾಂಟುಗಳಲ್ಲಿ ಬರೆದೆವು. ಒಂದೊಂದು ಪ್ಯಾಕೇಜಿನದು ಒಂದೊಂದು ಲೆಕ್ಕ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಾಗೆ ಸಿಕ್ಕಿಕೊಂಡ ಪುಸ್ತಕ, ಲೇಖನ, ದಾಖಲೆಗಳನ್ನು ಇವತ್ತಿಗೂ ಪರಿವರ್ತಕಗಳ ಮೂಲಕ ಬಿಡಿಸಿಕೊಳ್ಳುತ್ತಿದ್ದೇವೆ. ಬಿಡಿಸಿಕೊಂಡ ಮೇಲೂ ಒತ್ತಕ್ಷರ ತಪ್ಪಿ ಕೂತಿದೆಯೇ ಎಂದು ಒಬ್ಬರು ಕೂತು ಓದಲೇಬೇಕು.

ಇದಕ್ಕೆದುರಾಗಿ ಹಾರ್ಫ್‌ಬಜ್ ಎಂಬ ಚಿಕ್ಕ ಮುಕ್ತ ತಂತ್ರಾಂಶವನ್ನಿಟ್ಟು ನೋಡಿ. ಪಾರಸಿಯ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ಹೆಸರಿಗೆ ತಕ್ಕ ಕೆಲಸ. ‘ಕ’ದ ಕೆಳಗೆ ಒತ್ತು ಎಲ್ಲಿ ಕೂರಬೇಕು, ‘ಅರ್ಕ’ದಲ್ಲಿ ಅರ್ಕಾವೊತ್ತು ಹೇಗೆ ಬಲಕ್ಕೆ ಹೋಗಬೇಕು ಎಂಬುದನ್ನು ನೋಡಿಕೊಳ್ಳುವುದು ಅದೇ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದಿದೆ. ‘ರ‍್ಯಾಂಕ್’ ಬರೆಯುವಾಗ ರ ಇಡಿಯಾಗಿ ನಿಂತು ಯ ಒತ್ತಾಗಬೇಕು, ‘ಸೂರ್ಯ’ದಲ್ಲಿ ಹಾಗಲ್ಲ. ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕವನ್ನಿಟ್ಟು ಈ ಭೇದವನ್ನು ಸೂಚಿಸುತ್ತಾರೆ. ಇಂಥ ಸೂಕ್ಷ್ಮ ಎಲ್ಲಿ ತಪ್ಪಿತೆಂದು ತೋರಿಸಿಕೊಡಲು ಕನ್ನಡ ಬಲ್ಲವರೇ ಬೇಕು, ಮತ್ತು ತೋರಿಸಿಕೊಡಲು ಇಲ್ಲಿ ಬಾಗಿಲು ತೆರೆದಿದೆ. ಕನ್ನಡಕ್ಕೆ ಬದಲಾಯಿಸಿದ ಲಿನಕ್ಸಿನ ಮೆನುವಿನಲ್ಲಿ ಕಾಣುವ ‘ಕಡತ’, ‘ನೋಟ’ ಎಂಬ ಪದಗಳೂ ಸ್ವಯಂಸೇವಕರು ಸಾಲು ಸಾಲಾಗಿ ಅನುವಾದಿಸಿಟ್ಟವು. ‘ಕಡತ’ಕ್ಕಿಂತ ‘ಫೈಲು’ ವಾಸಿ ಎಂದು ವಾದಿಸಿ, ಒಪ್ಪಿಸಿ, ಬದಲಾಯಿಸಲು ಸಾಧ್ಯ. ಭಾಷೆಯನ್ನು ಪ್ರೀತಿಸುವವರಿಗೆ ಇದಕ್ಕಿಂತ ರುಚಿಯಾದ ಹವ್ಯಾಸ ನನಗೆ ಗೊತ್ತಿಲ್ಲ.

ತೆರೆದಿಟ್ಟರೇನು, ಆ ಕೋಟಿಗಟ್ಟಲೆ ಸಾಲುಗಳನ್ನು ಓದುವವರಾರು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೆಚ್ಚಿನವರು ಓದುವುದಿಲ್ಲ. 2024ರ ಮಾರ್ಚಿನಲ್ಲಿ ನಡೆದದ್ದನ್ನು ನೋಡಿ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದೊಳಗೆ ಯಾರೋ ವರ್ಷಗಟ್ಟಲೆ ನಂಬಿಕೆ ಗಳಿಸಿ ಹಿಂಬಾಗಿಲೊಂದನ್ನು ಇಟ್ಟಿದ್ದರು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡಿನ ಜಾಡು ಹಿಡಿದು ಒಳಗೊಳಗೆ ಹೋಗಿ ಆ ಬಾಗಿಲನ್ನು ಕಂಡುಹಿಡಿದರು. ಅವರು ಕೆಲಸಕ್ಕಿದ್ದದ್ದು ಮೈಕ್ರೋಸಾಫ್ಟಿನಲ್ಲಿ, ಎಕ್ಸ್‌ಜೆಡ್ ಅವರ ಜವಾಬ್ದಾರಿಯೂ ಆಗಿರಲಿಲ್ಲ. ತೆರೆದ ತಂತ್ರಾಂಶದಲ್ಲಿ ಮೋಸ ನಡೆಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿಯಲ್ಲ, ನಡೆಯಿತಲ್ಲ! ಆದರೆ ಅನುಮಾನ ಬಂದ ಹೊರಗಿನವನೊಬ್ಬ ಕೊನೆಯತನಕ ಹೋಗಿ ನೋಡಬಲ್ಲ. ಎಲ್ಲರೂ ಓದಬೇಕೆಂದಿಲ್ಲ, ಓದಬೇಕೆನಿಸಿದವರನ್ನು ಯಾರೂ ತಡೆಯಬಾರದು.

ಇನ್ನೊಂದು ಆಕ್ಷೇಪ ಜರ್ಮನಿಯ ಮ್ಯೂನಿಕ್ ನಗರದ್ದು. 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಲಿನಕ್ಸಿಗೆ ತಂದಿದ್ದ ನಗರಾಡಳಿತ 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಈ ಸೋಲನ್ನು ಮುಚ್ಚಿಡುವುದು ಸರಿಯಲ್ಲ. ಹೊರಗಿನ ಕಚೇರಿಗಳೆಲ್ಲ ಇನ್ನೊಂದು ದಾರಿಯಲ್ಲಿದ್ದಾಗ ಒಂದೇ ಕಚೇರಿ ಬೇರೆ ದಾರಿಯಲ್ಲಿ ನಡೆಯುವುದು ಕಷ್ಟ. ಹಾಗೆಯೇ ಟ್ಯಾಲಿಯಲ್ಲೇ ಲೆಕ್ಕ ಬರೆಯುವವರು, ಫೋಟೊಶಾಪಿನಲ್ಲೇ ದುಡಿಯುವವರು ಹೊಟ್ಟೆಪಾಡಿನ ಯಂತ್ರವನ್ನು ದಿಢೀರನೆ ಬದಲಾಯಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳು ಹಲವು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಿದ್ದಾರೆ. ಅಲ್ಲಿ ಮೊದಲು ತಯಾರಾದವರು ಮೇಷ್ಟ್ರುಗಳು. ಕಲಿಯುವವರ ಪಕ್ಕದಲ್ಲಿ ಕಲಿಸುವವರಿದ್ದರೆ ಲಿನಕ್ಸ್ ಕಷ್ಟ ಎಂಬ ಮಾತು ಬಹುಪಾಲು ಕರಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಹೊಸ ಪ್ರೊಸೆಸರ್ ಇಲ್ಲದ ಎಷ್ಟೋ ಗಟ್ಟಿ ಯಂತ್ರಗಳು ಮನೆಗಳಲ್ಲಿವೆ. ಅಂಥದ್ದೊಂದಿದ್ದರೆ ಉಬುಂಟು ಎಂಬ ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಅದನ್ನು ಶುರುಮಾಡಿ ನೋಡಿ. ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ‘ಟ್ರೈ’ ಎಂಬುದನ್ನು ಒತ್ತಿ. ವೈಫೈ ಹತ್ತಿತೇ, ಸ್ಪೀಕರಿನಿಂದ ದನಿ ಬಂತೇ, ಪ್ರಿಂಟರು ಸಿಕ್ಕಿತೇ ನೋಡಿಕೊಳ್ಳಿ. ಸೆಟ್ಟಿಂಗ್ಸಿನಲ್ಲಿ ಕಗಪ ಕೀಲಿಮಣೆ ಸೇರಿಸಿ, ಎಡಿಟರ್ ತೆರೆದು ‘ಸ್ತ್ರೀ’, ‘ಅರ್ಕ’, ‘ಲಕ್ಷ್ಮಿ’ ಎಂದು ಬರೆದು ಅಕ್ಷರ ಮುರಿಯದೆ ಕೂಡುತ್ತದೆಯೇ ಪರೀಕ್ಷಿಸಿ. ಒಗ್ಗಲಿಲ್ಲವೆಂದರೆ ಪೆನ್‌ಡ್ರೈವ್ ತೆಗೆದು ಮತ್ತೆ ಶುರುಮಾಡಿ, ನಿಮ್ಮ ವಿಂಡೋಸ್ ಇದ್ದ ಹಾಗೇ ಇರುತ್ತದೆ.