ಒಬ್ಬ ಮಾಸ್ತರನ ಕ್ಷೇಮಸಮಾಚಾರ

ಕ್ಷೇಮಸಮಾಚಾರವೆಂಬುದು ಕ್ಷೇಮವಾಗಿದ್ದವರು ಬರೆಯತಕ್ಕದ್ದು. ಅದಿಲ್ಲದವರು ಬರೆಯುವದಕ್ಕೆ ಬೇರೊಂದು ಹೆಸರು ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲವಾದುದರಿಂದ ಅದೇ ಹೆಸರಿನಿಂದಲೇ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ. ಕೆಲವು ತಿಂಗಳುಗಳಿಂದ ಈ ಮಂಡಲದ ಸದಸ್ಯರು ನನ್ನನ್ನು ಸಂತೆಯಲ್ಲಿ, ಲಗ್ನದ ಹಂದರದಲ್ಲಿ, ದವಾಖಾನೆಯ ಬಾಗಿಲಲ್ಲಿ ಕೂಡ ನಿಲ್ಲಿಸಿ, “ಮಾಸ್ತರ, ಈಗ ಏನ ಮಾಡ್ತೀರಿ?” ಎಂದು ಕೇಳುತ್ತಲಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರವನ್ನು ಕೊಟ್ಟುದರಿಂದ ಊರಲ್ಲಿ ನನ್ನ ಬಗೆಗೆ ಮೂರು ನಾಲ್ಕು ಬೇರೆ ಬೇರೆ ಕಥೆಗಳು ಹುಟ್ಟಿಕೊಂಡಿವೆ. ಅವುಗಳಲ್ಲೊಂದರಲ್ಲಂತೂ ನಾನು ಬೆಂಗಳೂರಿನಲ್ಲಿ ದೊಡ್ಡ ಪಗಾರದ ಮೇಲಿದ್ದೇನೆ. ಆ ಕಥೆಯನ್ನು ಅಲ್ಲಗಳೆಯುವದು ನನಗೂ ಕಷ್ಟವೇ. ಆದರೂ ಸತ್ಯವನ್ನು ಹೇಳಲೇಬೇಕಾಗಿದೆ.

ಧಾರವಾಡದ ಅಂಚಿನಲ್ಲಿರುವ ಒಂದು ಅನುದಾನರಹಿತ ಪ್ರೌಢಶಾಲೆಯಲ್ಲಿ ನಾನು ಹತ್ತೊಂಬತ್ತು ವರುಷ ಕನ್ನಡವನ್ನೂ ಸಮಾಜವಿಜ್ಞಾನವನ್ನೂ ಕಲಿಸಿದೆನು. ನಾನು ಸೇರಿದ 2006ರಲ್ಲಿ ಎಂಟನೆಯ ಇಯತ್ತೆಯಲ್ಲಿ ಅರವತ್ತೆರಡು ಮಕ್ಕಳಿದ್ದರು, 2024ರಲ್ಲಿ ಹನ್ನೊಂದು. ಹನ್ನೊಂದು ಮಕ್ಕಳ ವರ್ಗವು ಕಲಿಸುವವನಿಗೆ ಸ್ವರ್ಗವೇ ಸರಿ: ಪ್ರತಿಯೊಬ್ಬರ ಅಕ್ಷರವೂ ಅವರ ಮುಖದಂತೆ ಗುರುತಾಗುತ್ತದೆ. ಆದರೆ ಶುಲ್ಕದಿಂದಲೇ ಪಗಾರ ಹುಟ್ಟಬೇಕಾದ ಶಾಲೆಗೆ ಆ ಸ್ವರ್ಗವು ಕಟ್ಟುವಂತಿರಲಿಲ್ಲ. 2025ರ ಎಪ್ರಿಲ ತಿಂಗಳಲ್ಲಿ ಚಾಲಕರು ಕನ್ನಡ ಮಾಧ್ಯಮವನ್ನು ಮುಚ್ಚಿ, ಮಗ್ಗುಲಲ್ಲಿದ್ದ ಇಂಗ್ಲೀಷ ಮಾಧ್ಯಮವೊಂದನ್ನೇ ಉಳಿಸಿಕೊಂಡರು. ಅಲ್ಲಿಯೂ ಕನ್ನಡವೊಂದು ವಿಷಯವುಂಟು. ಅದಕ್ಕೆ ಕಡಿಮೆ ಪಗಾರದ ತರುಣನೊಬ್ಬನು ಸಾಕಾದನು. ನಮ್ಮನ್ನು, ಅಂದರೆ ಐವರನ್ನು, ಶಾಲು ಹೊದಿಸಿ ಹಣ್ಣು ಕೊಟ್ಟು ಬೀಳ್ಕೊಟ್ಟರು. ಶಾಲು ಒಳ್ಳೆಯದಿತ್ತು, ಧಾರವಾಡದ ಮಳೆಗಾಲಕ್ಕೆ ಬಹಳ ಉಪಯೋಗವಾಯಿತು.

ಇದರಲ್ಲಿ ಯಾರನ್ನು ದೂರಬೇಕೆಂಬುದನ್ನು ನಾನು ಬಹು ರಾತ್ರಿ ವಿಚಾರಿಸಿದ್ದೇನೆ. 1982ರಲ್ಲಿ ಗೋಕಾಕ ವರದಿಯ ಜಾರಿಗಾಗಿ ನಾಡೆಲ್ಲ ಬೀದಿಗಿಳಿದಾಗ ನಮ್ಮ ಅಪ್ಪನು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಮೆರವಣಿಗೆಗೆ ಹೋಗಿದ್ದನಂತೆ. 1994ರಲ್ಲಿ ಸರಕಾರವು ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ಇಲ್ಲವೆ ಕನ್ನಡದಲ್ಲಿ ನಡೆಯತಕ್ಕದ್ದೆಂದು ಆಜ್ಞೆ ಹೊರಡಿಸಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಸರಕಾರವು ಹೀಗೆ ಮಾಧ್ಯಮವನ್ನು ಬಲವಂತಪಡಿಸಲಾರದೆಂದೂ ಅದನ್ನು ಆಯ್ದುಕೊಳ್ಳುವ ಹಕ್ಕು ಮಗುವಿನ ಪರವಾಗಿ ತಂದೆತಾಯಿಗಳದೆಂದೂ ತೀರ್ಪಿತ್ತಿತು. ಬಳಿಕ 2019ರಲ್ಲಿ ಸರಕಾರವು ತಾನೇ ಒಂದು ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲೀಷ ಮಾಧ್ಯಮದ ವಿಭಾಗಗಳನ್ನು ತೆರೆಯಿತು. 1995ರ ನಂತರ ಆರಂಭವಾದ ಖಾಸಗಿ ಕನ್ನಡ ಶಾಲೆಗಳು ಅನುದಾನ ಕೊಡಿರೆಂದು ವರುಷ ವರುಷವೂ ಬೇಡಿಕೊಳ್ಳುತ್ತಲೇ ಬಂದವು. ಈ ಸಾಲಿನ ಕೊನೆಯಲ್ಲಿ ನಮ್ಮ ಶಾಲೆಯ ಕೀಲಿಕೈ ಇದ್ದಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಗ ರಿಕ್ಷಾ ಓಡಿಸುತ್ತಾನೆ. ಅವನ ಮಗಳು ಇಂಗ್ಲೀಷ ಶಾಲೆಯಲ್ಲಿರುವಳು. “ಸರ್ರ, ನೀವು ಕಲಿಸಿದ ಕನ್ನಡ ನನಗ ಇನ್ನೂ ಬಾಯಿಪಾಠ ಅದ. ಆದ್ರ ಅರ್ಜಿ ಬರೀಲಿಕ್ಕೆ ಹೋದಲ್ಲೆಲ್ಲಾ ಇಂಗ್ಲೀಷ ಕೇಳಿದ್ರು” ಎಂದು ಅವನು ಹೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ತೀರ್ಪನ್ನು ಬೈಯುವದು ಸುಲಭ, ಸರಕಾರವನ್ನು ಬೈಯುವದು ಅದಕ್ಕಿಂತ ಸುಲಭ. ಆದರೆ ಬಾಡಿಗೆಯ ರಿಕ್ಷಾದಿಂದ ಮಗಳ ಶುಲ್ಕ ಕಟ್ಟುವ ಈ ಮನುಷ್ಯನನ್ನು ಬೈಯಲು ನನ್ನ ನಾಲಿಗೆ ಏಳದು. ಕನ್ನಡದಲ್ಲಿ ಕಲಿತವನಿಗೆ ಕನ್ನಡನಾಡಿನ ಕಚೇರಿಗಳು ಬಾಗಿಲು ತೆರೆಯದಿರುವಾಗ ಬರಿಯ ಶಾಲೆಯ ಬಾಗಿಲನ್ನು ತೆರೆದಿಟ್ಟು ಏನು ಪ್ರಯೋಜನ? 2008ರಲ್ಲಿ ನಮ್ಮ ಭಾಷೆಗೆ ಶಾಸ್ತ್ರೀಯ ಸ್ಥಾನ ದೊರೆತಾಗ ಶಾಲೆಯಲ್ಲಿ ಸಕ್ಕರೆ ಹಂಚಿದೆವು. ಕೆಲವೇ ದಿನಗಳಲ್ಲಿ ಗದಗಿನ ಭೀಮಸೇನ ಜೋಶಿಯವರಿಗೆ ಭಾರತರತ್ನವೂ ಬಂದಿತೆಂದು ಎರಡನೆಯ ಸಲ ಹಂಚಿದೆವು. ಆ ವರುಷ ನಮ್ಮ ಎಂಟನೆಯ ಇಯತ್ತೆಯಲ್ಲಿ ಐವತ್ತಕ್ಕೂ ಮಿಕ್ಕಿ ಮಕ್ಕಳಿದ್ದರು.

ಇನ್ನು ಹಣದ ಮಾತು. ನಮ್ಮ ಸುಶಿಕ್ಷಿತ ಮನೆಗಳಲ್ಲಿ ಈ ಮಾತನ್ನು ತಗ್ಗಿದ ದನಿಯಲ್ಲಿ ಆಡುವ ಪದ್ಧತಿಯಿದೆ. ನಾನು ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಆಡುತ್ತೇನೆ, ಏಕೆಂದರೆ ಖಾಸಗಿ ಶಾಲೆಗಳಲ್ಲಿ ದುಡಿಯುವ ಮಾಸ್ತರರೂ ಬಾಯಿಯವರೂ ಈ ಪತ್ರಿಕೆಯನ್ನು ಓದುತ್ತಾರೆ. ಬೀಳ್ಕೊಡುವಾಗ ನಾನು ಗ್ರಾಚ್ಯುಟಿಯ ವಿಷಯ ಎತ್ತಲು, “ಅದು ಕಾರಖಾನೆಯವರಿಗೆ, ಮಾಸ್ತರರಿಗಲ್ಲ” ಎಂದು ಚಾಲಕರೊಬ್ಬರು ನಕ್ಕರು. ಅವರ ಮಾತಿಗೆ ಒಂದು ಕಾಲದಲ್ಲಿ ಆಧಾರವಿತ್ತು. 1972ರ ಕಾಯದೆಯಲ್ಲಿ ಹೇಳಿದ ನೌಕರರೊಳಗೆ ಶಿಕ್ಷಕರು ಸೇರುವದಿಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ ಪಾರ್ಲಿಮೆಂಟು 2009ರಲ್ಲಿ ಆ ಕಾಯದೆಯನ್ನು ತಿದ್ದಿ, 1997ರ ಎಪ್ರಿಲ 3ರಿಂದಲೇ ಅನ್ವಯಿಸುವಂತೆ ಶಿಕ್ಷಕರನ್ನು ಅದರೊಳಗೆ ಸೇರಿಸಿತು. ಖಾಸಗಿ ಶಾಲೆಗಳವರು ಈ ತಿದ್ದುಪಡಿಯನ್ನು ಪ್ರಶ್ನಿಸಿದರು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಳೆಯ ಕಾಯದೆಯ ಸ್ಥಾನಕ್ಕೆ 2025ರ ನವೆಂಬರದಲ್ಲಿ ಸಾಮಾಜಿಕ ಭದ್ರತೆಯ ಸಂಹಿತೆ ಬಂದಿದೆಯಾದರೂ ನಾನು ಕೆಲಸ ಬಿಟ್ಟಾಗ ನಡೆಯುತ್ತಿದ್ದುದು ಹಳೆಯದೇ.

ಲೆಕ್ಕವು ಐದನೆಯ ಇಯತ್ತೆಯ ಹುಡುಗನಿಗೂ ಬರುವಂಥದು. ಕಡೆಯ ತಿಂಗಳ ಪಗಾರವನ್ನು ಇಪ್ಪತ್ತಾರರಿಂದ ಭಾಗಿಸಿ, ಹದಿನೈದರಿಂದ ಗುಣಿಸಿ, ಸೇವೆಯ ವರುಷಗಳಿಂದ ಮತ್ತೆ ಗುಣಿಸಬೇಕು. ನನ್ನ ಪಗಾರ 18,200 ರೂಪಾಯಿ; ದಿನಕ್ಕೆ 700; ವರುಷಕ್ಕೆ 10,500; ಹತ್ತೊಂಬತ್ತು ವರುಷಕ್ಕೆ 1,99,500. ಹತ್ತೊಂಬತ್ತು ವರುಷಗಳ ಬಾಳು ಹೀಗೆ ಕಾಗದದ ತುಂಡಿನ ಮೇಲೆ ಮೂರು ಸಾಲಿನಲ್ಲಿ ಮುಗಿದುದನ್ನು ಕಂಡು ಮನಸ್ಸು ಒಂದು ಗಳಿಗೆ ಮಂಕಾಯಿತು. ಮರುಗಳಿಗೆಗೆ ಅರ್ಜಿ ಬರೆದೆನು. ಕಾರ್ಮಿಕ ಇಲಾಖೆಯ ಮೆಟ್ಟಿಲನ್ನು ಆರು ಸಲ ಹತ್ತಿಳಿದ ಮೇಲೆ ಅರ್ಧ ಹಣ ಕೈಗೆ ಬಂದಿತು. ಉಳಿದರ್ಧದ ವಿಚಾರಣೆ ನಡೆದಿದೆ. ನನ್ನ ಜೊತೆಗೆ ಬಿಟ್ಟ ಐವರಲ್ಲಿ ಇಬ್ಬರು, “ಅನ್ನ ಕೊಟ್ಟವರ ಮ್ಯಾಲ ತಕರಾರು ಬ್ಯಾಡ” ಎಂದು ಸುಮ್ಮನಿದ್ದಾರೆ. ಅನ್ನವನ್ನು ಅವರು ಕೊಟ್ಟರೆ ಪಾಠವನ್ನು ಯಾರು ಹೇಳಿದರು ಎಂದು ಕೇಳುವ ಆಸೆ ನನಗುಂಟು.

ಮನೆಯಲ್ಲಿ ನನ್ನ ಹೆಂಡತಿಯು ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತಳಾಗಿರುವಳು. ಸದ್ಯಕ್ಕೆ ಮನೆಯು ಅವಳ ಪಗಾರದ ಮೇಲೆ ನಿಂತಿದೆ. ಬೆಳಗಿನ ಅಡಿಗೆ ನನ್ನ ಪಾಲಿಗೆ ಬಂದಿದೆ. ಜೋಳದ ರೊಟ್ಟಿಯನ್ನು ಬಡಿಯುವದು ವ್ಯಾಕರಣಕ್ಕಿಂತ ಕಠಿಣವೆಂಬುದನ್ನು ಐವತ್ತರ ಹತ್ತಿರದಲ್ಲಿ ಕಲಿಯುತ್ತಿದ್ದೇನೆ: ಹಿಟ್ಟಿಗೆ ನೀರು ಕುದಿದಿರಬೇಕು, ಕೈ ಕುದಿಯಬಾರದು. ಎಂಬತ್ತೊಂದು ವಯಸ್ಸಿನ ಅವ್ವನಿಗೆ ನಾವು ನಿಜವನ್ನು ಹೇಳಿಲ್ಲ, ಸೂಟಿಯೆಂದಿದ್ದೇವೆ. ಮೊದಲು ನಂಬಿದಳು. ದೀಪಾವಳಿಯ ಹೊತ್ತಿಗೆ, “ಇಷ್ಟ ದೊಡ್ಡ ಸೂಟಿ ಯಾವ ಸರಕಾರ ಕೊಟ್ಟೈತೋ ಯಪ್ಪಾ!” ಎಂದು ನಕ್ಕು, ಅಂದಿನಿಂದ ಮತ್ತೆ ಕೇಳಿಲ್ಲ. ಕೇಳದಿರುವದರಿಂದಲೇ ಅವಳಿಗೆ ತಿಳಿದಿದೆಯೆಂದು ನನಗೆ ತಿಳಿಯಿತು.

ಮಗಳು ಬಿ.ಎಸ್ಸಿ.ಯ ಎರಡನೆಯ ವರುಷದಲ್ಲಿದ್ದು ಸಂಜೆಗೆ ಗಾಯನ ಕಲಿಯುತ್ತಾಳೆ. ಇಲ್ಲಿ ನಮ್ಮ ಮನೆಯ ತಂಬೂರಿಯ ವಿಷಯ ಬರುತ್ತದೆ. ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಪ್ಪನು ಅದನ್ನು 1974ರಲ್ಲಿ ಮೀರಜಿನಿಂದ ತಂದನು. ಪಂಢರಪುರದ ಕಡೆಯ ದೊಡ್ಡ ಸೋರೆಯ ಬುರುಡೆ, ನಾಲ್ಕು ತಂತಿ. ಅಪ್ಪನು ಹಾಡುಗಾರನಲ್ಲ, ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನಸೂರರ ಗಾಯನವಿದ್ದ ದಿನ ಊಟವನ್ನು ಮುಂದೂಡುವಷ್ಟು ಮಾತ್ರ ರಸಿಕನು. ಮನಸೂರರು ಗ್ರಾಮೋಫೋನಿನ ತಟ್ಟೆಗಳಿಂದ ಹೆಸರಾಗಿದ್ದಾಗಲೇ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಮುಂದೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಆ ಗುರು ತೀರಿಕೊಳ್ಳಲು ತಮ್ಮನಾದ ಭುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಈ ಕಥೆಯನ್ನು ಅಪ್ಪನು ನೂರು ಸಲ ಹೇಳಿರಬೇಕು. ಅವ್ವನ ಭಕ್ತಿ ಮಾತ್ರ ಗಂಗೂಬಾಯಿ ಹಾನಗಲ್ಲರ ಮೇಲೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತು, ಗಂಟಲಿನ ಶಸ್ತ್ರಕ್ರಿಯೆಯಾದ ಮೇಲೆ ಸಣ್ಣ ದನಿ ಹೋಗಿ ಗಂಡಸಿನಂಥ ಗಡಸು ದನಿ ಬಂದಾಗ ಅದರಲ್ಲಿಯೇ ಹಾಡಿದ ಆ ತಾಯಿಯ ಹೆಸರೆತ್ತಿದರೆ ಅವ್ವನು ಕೈಮುಗಿಯುವಳು.

ಕಳೆದ ದಸರೆಯ ಸಮಯದಲ್ಲಿ ಒಬ್ಬ ಸದ್ಗೃಹಸ್ಥರು ಬಂದು ಈ ತಂಬೂರಿಗೆ 25,000 ರೂಪಾಯಿ ಕೊಡುವೆನೆಂದರು. ಮೀರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದ ಮೇಲೆ ಹಳೆಯ ವಾದ್ಯಗಳನ್ನು ಹುಡುಕುತ್ತ ಹೊರಟಿದ್ದರಂತೆ. ಬೈಠಕಿನ ಮೂಲೆಯಲ್ಲಿ ಅಲಂಕಾರಕ್ಕೆ ಇಡುವವರು, ನುಡಿಸುವವರಲ್ಲ. ಅದೇ ವಾರ ಮಗಳ ಕಾಲೇಜಿನ ಶುಲ್ಕದ ಚೀಟಿಯೂ ಬಂದಿತ್ತು. ನಾನು ಬೇಡವೆಂದು ಹೇಳಲಿಲ್ಲ, ಕೊಡುತ್ತೇನೆಂದೂ ಹೇಳಲಿಲ್ಲ. ಮಗಳು, “ಅಪ್ಪಾ, ಕೊಟ್ಟುಬಿಡ್ರಿ. ಮೊಬೈಲಿನ್ಯಾಗ ತಂಬೂರಿ ಅದ, ಶ್ರುತಿ ತಪ್ಪೂದಿಲ್ಲ” ಎಂದಳು. ಅದು ನಿಜವೇ; ಮೊಬೈಲಿನ ತಂಬೂರಿಗೆ ಮಳೆ ಬಿಸಿಲಿನ ಹಂಗಿಲ್ಲ. ಆದರೆ ಆ ಮಾತನ್ನು ಹೇಳುವಾಗ ಅವಳು ತಂಬೂರಿಯ ಕಡೆಗೆ ನೋಡಲಿಲ್ಲ.

ರಾತ್ರಿ ಹೆಂಡತಿಯು ಮನೆಯ ಲೆಕ್ಕದ ವಹಿಯನ್ನು ತೆಗೆದು ಕುಳಿತಳು. ಸಂಘದಲ್ಲಿ ದಿನವೂ ಪರರ ಲೆಕ್ಕ ಬರೆಯುವವಳಾದ್ದರಿಂದ ಅವಳ ಮುಂದೆ ಭಾವನೆಗಳ ಆಟ ನಡೆಯದು. ವಹಿಯನ್ನು ಮುಚ್ಚಿ, “ಶುಲ್ಕ ಎರಡು ಕಂತಿನ್ಯಾಗ ತುಂಬಬಹುದಂತ, ನಾ ಕೇಳೀನಿ. ತಂಬೂರಿ ಮಾತ್ರ ಎರಡು ಕಂತಿನ್ಯಾಗ ತಿರುಗಿ ಬರೂದಿಲ್ಲ” ಎಂದಳು. ಚರ್ಚೆ ಅಲ್ಲಿಗೇ ಮುಗಿಯಿತು.

ನನ್ನ ಹೊಸ ಉದ್ಯೋಗವನ್ನೂ ಹೇಳಿಬಿಡಬೇಕು. ಸಂಜೆ ಏಳು ಮಂದಿ ಹುಡುಗರಿಗೆ ಮನೆಪಾಠ. ರವಿವಾರ ಪರಪ್ರಾಂತದಿಂದ ಇಲ್ಲಿಗೆ ಕೆಲಸಕ್ಕೆ ಬಂದಿರುವ ಎರಡು ಕುಟುಂಬಗಳವರಿಗೆ ಕನ್ನಡದ ಅಕ್ಷರಮಾಲೆ. ಅವರಲ್ಲೊಬ್ಬ ಬಂಗಾಲಿ ಬಾಯಿಯವರಿಗೆ ‘ಳ’ಕಾರ ಇನ್ನೂ ಒಲಿದಿಲ್ಲ, ‘ಹುಬ್ಬಲ್ಲಿ’ಯಿಂದ ‘ಹುಬ್ಬಳ್ಳಿ’ಗೆ ತಲುಪಲು ಮೂರು ರವಿವಾರ ಹಿಡಿದಿವೆ. ಎಲ್ಲ ಸೇರಿ ತಿಂಗಳಿಗೆ ಏಳೆಂಟು ಸಾವಿರ. ಎರಡು ಶಾಲೆಗಳಿಗೆ ಅರ್ಜಿ ಹಾಕಿದ್ದೇನೆ. ಒಂದರಿಂದ ಉತ್ತರವಿಲ್ಲ, ಇನ್ನೊಂದು ವಯಸ್ಸನ್ನು ಕೇಳಿದೆ.

ತಂಬೂರಿಯ ಕುದುರೆ ಸವೆದು ಜವಾರಿ ಹೋಗಿದೆ, ನಾದ ಬಿಚ್ಚುತ್ತಿಲ್ಲ. ಜವಾರಿಯೆಂದರೆ ನಮ್ಮ ಸಂತೆಯಲ್ಲಿ ನಾಡತಳಿಯ ಬದನೆಕಾಯಿ. ವಾದ್ಯದವರಲ್ಲಿ ತಂತಿಗೆ ಜೀವ ಕೊಡುವ ಕುದುರೆಯ ಸೂಕ್ಷ್ಮವಾದ ಉಜ್ಜಿಕೆ. ಈಗ ಬಂದ ಅರ್ಧ ಹಣದಲ್ಲಿ ಒಂದಿಷ್ಟನ್ನು ಅದಕ್ಕೆ ತೆಗೆದಿಟ್ಟಿದ್ದೇವೆ. ಮುಂದಿನ ವಾರ ಮಗಳನ್ನು ಕರೆದುಕೊಂಡು, ತಂಬೂರಿಗೆ ಹಳೆಯ ಕೌದಿ ಸುತ್ತಿ, ಬೆಳಗಿನ ರೈಲಿನಿಂದ ಮೀರಜಿಗೆ ಹೊರಡುವದೆಂದು ಗೊತ್ತಾಗಿದೆ. ಕೌದಿಯನ್ನು ಹುಡುಕಿ ಕೊಟ್ಟವಳು ಅವ್ವ. “ಸೂಟಿ ಮುಗಿಯೂದರಾಗ ಹೋಗಿ ಬಾ” ಎಂದಳು.