ಗೊಂಬೆಗೆ ಬಿಲ್ಲು ಉಂಟಾ?

ವಾಹನಕ್ಕೆ ವಿಮೆ ಉಂಟು, ಕಾನೂನು ಬಿಡುವುದಿಲ್ಲ. ಜೀವಕ್ಕೆ ವಿಮೆ ಉಂಟು, ನೆಂಟರ ಪೈಕಿಯ ಏಜೆಂಟರು ಬಿಡುವುದಿಲ್ಲ. ಆದರೆ ಕಪಾಟಿನಲ್ಲಿ ನಲವತ್ತು ವರ್ಷಗಳಿಂದ ಕೂಡಿಟ್ಟ ಆಟಿಕೆಗಳಿಗೂ ವಿಮೆ ಮಾಡಿಸಬಹುದು ಎಂದರೆ ಉಡುಪಿ ಸೀಮೆಯ ಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಗೊಂಬೆಗೆ ಎಂತ ವಿಮೆ?

ಹಣಕಾಸಿನ ವ್ಯವಹಾರ ತಿಳಿಯದ ಊರೇನೂ ಇದಲ್ಲ. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಹುಟ್ಟಿದ್ದು ಉಡುಪಿಯಲ್ಲೇ. ಎರಡೂ ಹೆಸರು 2020ರ ವಿಲೀನದಲ್ಲಿ ಅಳಿಸಿಹೋದವು, ಆ ಮಾತು ಬೇರೆ. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸುವ ‘ಪಿಗ್ಮಿ’ ಯೋಜನೆ 1928ರಲ್ಲಿ ಆರಂಭವಾದದ್ದೂ ಇಲ್ಲಿಯೇ. ಬಹುಶಃ ತೊಡಕು ಇರುವುದೂ ಅಲ್ಲಿಯೇ. ಪಿಗ್ಮಿಗೆ ಕಟ್ಟಿದ ಹಣ ಬಡ್ಡಿಯೊಡನೆ ಮರಳಿ ಬರುತ್ತದೆ. ವಿಮೆಯ ಕಂತು ಹಾಗಲ್ಲ. ವರ್ಷವಿಡೀ ಏನೂ ಆಗದಿದ್ದರೆ ಕಟ್ಟಿದ ದುಡ್ಡು ಹೋಯಿತು. ದುಡ್ಡು ಬರಬೇಕಾದರೆ ಮನೆಗೆ ಬೆಂಕಿ ಬೀಳಬೇಕು. ಇಂಥ ವ್ಯಾಪಾರ ಪಿಗ್ಮಿ ಕಟ್ಟಿ ಬೆಳೆದವರಿಗೆ ಸುಲಭದಲ್ಲಿ ಒಗ್ಗುವುದಿಲ್ಲ.

ಕಲ್ಯಾಣಪುರದಲ್ಲಿ ಸ್ವರ್ಣಾ ನದಿಗೆ ಕೂಗಳತೆ ದೂರದಲ್ಲಿ ಒಂದು ಹಂಚಿನ ಮನೆ. ಅದರ ಯಜಮಾನರು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಇಸ್ಪೀಟಿನ ಚಟವಿಲ್ಲ, ಬೀಡಿ ಸಿಗರೇಟಿಲ್ಲ. ಇದ್ದದ್ದು ಒಂದೇ ಹುಚ್ಚು: ಯಾರಾದರೂ ಬಿಸಾಡಲು ಹೊರಟ ಆಟಿಕೆಯನ್ನು ಮನೆಗೆ ತರುವುದು. ಚಾವಡಿಯ ಮೂರು ಕಪಾಟುಗಳಲ್ಲಿ ಚನ್ನಪಟ್ಟಣದ ಬುಗುರಿಗಳು, ಕಿನ್ನಾಳದ ಗೊಂಬೆಗಳು, ಕೀಲಿ ಕೊಟ್ಟರೆ ಓಡುವ ಜಪಾನಿನ ತಗಡಿನ ಬಸ್ಸು, ಬೆಂಕಿಪೊಟ್ಟಣದ ಲೇಬಲ್ಲು ಅಂಟಿಸಿದ ಪುಸ್ತಕಗಳು, ಹಳೆಯ ನಾಣ್ಯಗಳ ಆಲ್ಬಮ್ಮು. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿಗಳ ಚೆನ್ನೆಮಣೆಗಳೇ ಮೂರು. ಗುಳಿಗೆ ನಾಲ್ಕರಂತೆ ಐವತ್ತಾರು ಮಂಜೊಟ್ಟಿ ಕಾಯಿಗಳೂ ಲೆಕ್ಕ ತಪ್ಪದೆ ಇದ್ದವು. ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡಲಾಗದ ಕಾಲದಲ್ಲಿ ಮನೆಮನೆಯ ಹೆಂಗಸರು ಆಡುತ್ತಿದ್ದ ಮಣೆಗಳವು. ಉಡುಪಿಯ ರಥಬೀದಿಯಲ್ಲಿ ಕೊಂಡ ತಗಡಿನ ದೋಣಿಯೂ ಒಂದಿತ್ತು. ಹೊಟ್ಟೆಯೊಳಗೆ ಸಣ್ಣ ಬತ್ತಿ ಉರಿಸಿದರೆ ನಳಿಗೆಯ ನೀರು ಆವಿಯಾಗಿ ಹಿಂದಕ್ಕೆ ಚಿಮ್ಮುತ್ತದೆ, ದೋಣಿ ಮುಂದಕ್ಕೆ ಸರಿಯುತ್ತದೆ. ಆವಿ ತಣಿದೊಡನೆ ನೀರು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಟಕ ಟಕ ಎಂದು ಸದ್ದು ಮಾಡುತ್ತಾ ಪರಾತದೊಳಗೆ ಸುತ್ತುವ ಆ ದೋಣಿಯಷ್ಟು ಚೆನ್ನಾಗಿ ನ್ಯೂಟನ್ನನ ಮೂರನೆಯ ನಿಯಮವನ್ನು ಯಾವ ಪಠ್ಯಪುಸ್ತಕವೂ ಹೇಳಲಾರದು.

2020ರ ಸೆಪ್ಟೆಂಬರ್ 20, ಭಾನುವಾರ. ಅಂದಿನ ಮಳೆಯನ್ನು ಉಡುಪಿಯವರು ಮರೆತಿರಲಾರರು. ಸ್ವರ್ಣೆ ತುಂಬಿ ಹರಿದಳು. ಬೆಳಗಾಗುವ ಮೊದಲೇ ಅಂಗಳ ಮುಳುಗಿ ಚಾವಡಿಗೆ ಒಂದು ಮೊಳ ನೀರು ಬಂತು. ಮನೆಮಂದಿ ಅಕ್ಕಿಮುಡಿ, ಕಾಗದಪತ್ರ ಎತ್ತಿಡುವಷ್ಟರಲ್ಲಿ ಕಪಾಟಿನ ಕೆಳಗಿನ ಎರಡು ಅರೆಗಳು ನೀರಲ್ಲಿದ್ದವು. ನೀರು ಇಳಿದ ಮೇಲೆ ಗೊತ್ತಾದದ್ದು ಬೇರೆಯೇ ಸಂಗತಿ. ಮರ ನೀರು ಕುಡಿದಾಗ ಕೆಡುವುದಕ್ಕಿಂತ ಒಣಗುವಾಗ ಕೆಡುವುದು ಹೆಚ್ಚು. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನ ತಿರುಳು ಉಬ್ಬಿಕೊಂಡೇ ಇರುತ್ತದೆ, ನಡುವೆ ಸೀಳು ಬೀಳುತ್ತದೆ. ಅವಸರದಿಂದ ಬಿಸಿಲಿಗಿಟ್ಟ ಒಂದು ಚೆನ್ನೆಮಣೆ ಹೀಗೆ ಉದ್ದಕ್ಕೆ ಸೀಳಿತು. ಬೆಂಕಿಪೊಟ್ಟಣದ ಲೇಬಲ್ಲುಗಳು ಅಂಬಲಿಯಾಗಿದ್ದವು. ಜಪಾನಿನ ಬಸ್ಸಿನ ಕೀಲಿ ಒಂದೇ ವಾರದಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತು.

ವಿಮೆಯ ಮಾತು ಬಂದದ್ದು ಆ ಮೇಲೆ. ಸಂತೆಕಟ್ಟೆಯ ಪರಿಚಯದ ಹುಡುಗನೊಬ್ಬ ವಿಮೆ ಏಜೆಂಟನಾಗಿದ್ದ. ಕಪಾಟುಗಳನ್ನು ಸುತ್ತಲೂ ನೋಡಿ ಅವನು ಮೊದಲು ಕೇಳಿದ ಪ್ರಶ್ನೆ, “ಇದಕ್ಕೆಲ್ಲ ಬಿಲ್ಲು ಉಂಟಾ ಸರ್?”

“ಬಿಸಾಡಿದ್ದನ್ನು ಹೆಕ್ಕಿ ತಂದದ್ದಕ್ಕೆ ಬಿಲ್ಲು ಯಾರು ಕೊಡುತ್ತಾರೆ ಮಾರಾಯ?”

ಹುಡುಗ ನಕ್ಕ. ಪ್ರಶ್ನೆ ಮಾತ್ರ ನಗುವಂಥದಲ್ಲ. 2021ರ ಏಪ್ರಿಲ್ 1ರಿಂದ ದೇಶದಲ್ಲಿ ‘ಭಾರತ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿ ಜಾರಿಗೆ ಬಂದಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ ಎಲ್ಲವೂ ಅದರಲ್ಲಿ ಸೇರಿವೆ. ಮನೆಯ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಮೊತ್ತದ ನೂರಕ್ಕೆ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಒಳಗಿನ ಸಾಮಾನ್ಯ ಸಾಮಾನುಗಳಿಗೂ ತಾನಾಗಿಯೇ ರಕ್ಷಣೆ ಸಿಗುತ್ತದೆ. ಮಂಚ, ಕುರ್ಚಿ, ಟೀವಿ, ಬಟ್ಟೆಬರೆ ಇತ್ಯಾದಿ. ಬಡಪಾಯಿ ಗೃಹಸ್ಥನಿಗೆ ಇದು ನಿಜಕ್ಕೂ ಒಳ್ಳೆಯ ಏರ್ಪಾಡು.

ಗೊಂಬೆ ಯಾವ ಪಂಕ್ತಿಯಲ್ಲಿ ಕೂರಬೇಕು? ತಲೆನೋವು ಇರುವುದು ಇಲ್ಲಿ. ಸಾಮಾನ್ಯ ಸಾಮಾನುಗಳ ಪಂಕ್ತಿಯಲ್ಲಿ ಕೂತರೆ, ಕೆಟ್ಟುಹೋದದ್ದರ ಬದಲಿಗೆ ಅಂಥದೇ ಹೊಸ ವಸ್ತು ಕೊಳ್ಳಲು ತಗಲುವ ಖರ್ಚು ಸಿಗುತ್ತದೆ. ಕುರ್ಚಿಗೆ ಅದು ನ್ಯಾಯ. ಐವತ್ತು ವರ್ಷದ ಬುಗುರಿಗೆ? ಪೇಟೆಯಲ್ಲಿ ಹೊಸ ಬುಗುರಿ ಬೇಕಾದಷ್ಟು ಸಿಗುತ್ತದೆ, ಅದರ ಬೆಲೆ ತೆಗೆದುಕೊಳ್ಳಿ ಎಂದಾರು. ಇನ್ನೊಂದು ಪಂಕ್ತಿ ಉಂಟು: ಒಡವೆ, ಬೆಳ್ಳಿ ಪಾತ್ರೆ, ವರ್ಣಚಿತ್ರ, ಪ್ರಾಚೀನ ವಸ್ತು, ಅಪರೂಪದ ವಸ್ತು ಇವೆಲ್ಲ ‘ಬೆಲೆಬಾಳುವ ಸೊತ್ತು’. ಇದಕ್ಕೆ ಪ್ರತ್ಯೇಕ ಕಂತು ಕಟ್ಟಬೇಕು. ಕಂಪೆನಿಯೂ ಮಾಲಕರೂ ಮೊದಲೇ ಒಪ್ಪಿಕೊಂಡ ಬೆಲೆಯೇ ಇಲ್ಲಿ ಲೆಕ್ಕ. ಮೌಲ್ಯಮಾಪನದ ಪ್ರಮಾಣಪತ್ರ ಬೇಕೆನ್ನುತ್ತಾರೆ. ಚಿನ್ನವಾದರೆ ಅಕ್ಕಸಾಲಿಗನುಂಟು, ಚೆನ್ನೆಮಣೆಯನ್ನು ಒರೆಗೆ ಹಚ್ಚುವವರು ಯಾರು? ಪುಣ್ಯಕ್ಕೆ ಒಟ್ಟು ಮೊತ್ತ 5 ಲಕ್ಷದೊಳಗಿದ್ದು, ಯಾವ ಒಂದು ವಸ್ತುವೂ 1 ಲಕ್ಷ ದಾಟದಿದ್ದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಪಟ್ಟಿಯಿಂದಲ್ಲ.

ಸಣ್ಣ ಅಕ್ಷರದಲ್ಲಿ ಇನ್ನೂ ಕೆಲವು ಸಂಗತಿಗಳುಂಟು. ನಾಣ್ಯ, ನೋಟು, ಹಸ್ತಪ್ರತಿಗಳು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಾಗದಿದ್ದರೆ ಸೇರುವುದಿಲ್ಲ. ಆಲ್ಬಮ್ಮು ಅಲ್ಲಿಗೆ ಹೊರಗುಳಿಯಿತು. ಶಾಲೆಯ ವಸ್ತುಪ್ರದರ್ಶನಕ್ಕೆಂದು ಮನೆಯಿಂದ ಹೊರಗೆ ಒಯ್ದ ವಸ್ತುವಿಗೆ ರಕ್ಷಣೆಯಿಲ್ಲ. ಕಳ್ಳತನವೂ ನೆರೆ, ಬೆಂಕಿಯಂಥ ಅನಾಹುತದ ಬೆನ್ನಿಗೆ ಏಳು ದಿನದೊಳಗೆ, ಅದೇ ಕಾರಣದಿಂದ ಆದರೆ ಮಾತ್ರ ಲೆಕ್ಕಕ್ಕೆ. ಮಾಮೂಲು ಕನ್ನಗಳ್ಳನಿಗೆ ಬೇರೆಯೇ ಪಾಲಿಸಿ ಬೇಕು. ಗೆದ್ದಲು, ಬೂಷ್ಟು, ಉಪ್ಪುಗಾಳಿಯ ತುಕ್ಕು ಇವು ಅನಾಹುತಗಳ ಪಟ್ಟಿಯಲ್ಲೇ ಇಲ್ಲ. ಕರಾವಳಿಯಲ್ಲಿ ಆಟಿಕೆಯನ್ನು ನಿಧಾನವಾಗಿ ಕೊಲ್ಲುವ ಮೂರು ವೈರಿಗಳೂ ಹೀಗೆ ವಿಮೆಯ ಕಣ್ಣಿಗೆ ಬೀಳದವರು. ಅವರನ್ನು ಒಣ ಬಟ್ಟೆ, ಕರ್ಪೂರ, ಸ್ವಲ್ಪ ಎಣ್ಣೆಯಿಂದಲೇ ಎದುರಿಸಬೇಕು.

ಪಟ್ಟಿ ಬರೆಯುವ ಕೆಲಸ ಒಂದು ಇಡೀ ಮಳೆಗಾಲ ನಡೆಯಿತು. ಇನ್ನೂರು ಪುಟದ ನೋಟುಪುಸ್ತಕ. ನಂಬ್ರ, ವಸ್ತು, ಅಳತೆ, ಎಲ್ಲಿಂದ ಬಂತು, ಫೋಟೋ, ಕೊನೆಯ ಕಾಲಮ್ಮು ಬೆಲೆ. ಮೊದಲ ಐದು ಕಾಲಮ್ಮು ಸಲೀಸಾಗಿ ತುಂಬಿದವು. ನಲವತ್ತು ವರ್ಷ ಕಪಾಟಿನಲ್ಲಿದ್ದ ವಸ್ತುಗಳ ಚರಿತ್ರೆ ಆ ತನಕ ಯಜಮಾನರ ತಲೆಯೊಳಗೆ ಮಾತ್ರ ಇತ್ತು. ಅವರಿಗೆ ಮರೆವು ಬಂದರೆ ಅದೂ ಸ್ವರ್ಣೆಯ ಪಾಲೇ. ಆರನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

ಬೆಲೆ ಎಂಬುದು ವಿಚಿತ್ರ ಪದಾರ್ಥ. ಮಣಿಪಾಲದ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಕೆಡವುವಾಗ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಉಳಿಸಿ ತಂದು ‘ಹಸ್ತಶಿಲ್ಪ’ ಮನೆ ಕಟ್ಟಿದರು, ಆ ಬಳಿಕ ಪರಂಪರೆಯ ಗ್ರಾಮವನ್ನೇ ಎಬ್ಬಿಸಿದರು. 2017ರಲ್ಲಿ ಅವರು ತೀರಿಕೊಂಡರು. ಆ ಕಂಬಗಳು ಕೆಡವಿದ ದಿನ ಸೌದೆಯ ಬೆಲೆಯವು. ಇಂದು ದೂರದೂರಿನ ಜನ ಟಿಕೆಟ್ಟು ಕೊಂಡು ನೋಡುತ್ತಾರೆ. ಮರ ಅದೇ, ಬದಲಾದದ್ದು ನೋಡುವ ಕಣ್ಣು. ವಿಮೆಯ ಸರ್ವೇಯರನಿಗೆ ಆ ಕಣ್ಣು ಇರಬೇಕೆಂದು ನಿರೀಕ್ಷಿಸುವುದು ಅನ್ಯಾಯ. ಅವನಿಗೆ ಬೇಕಾದದ್ದು ಕಾಗದ.

ಹಾಗಾಗಿ ಯಜಮಾನರು ಹಳೆಯ ಸಾಮಾನು ಮಾರುವವರನ್ನು ವಿಚಾರಿಸಿ, ಅಂಥದೇ ವಸ್ತು ಎಲ್ಲೆಲ್ಲಿ ಎಷ್ಟಕ್ಕೆ ಮಾರಾಟವಾಯಿತೆಂದು ಬರೆದಿಟ್ಟು, ಒಂದೊಂದಕ್ಕೂ ಬೆಲೆ ಹಾಕಿದರು. ಸೆಲ್ಯುಲಾಯ್ಡ್ ಗೊಂಬೆ ಇರುವುದನ್ನೂ ಮುಚ್ಚಿಡಲಿಲ್ಲ. ಬೆಂಕಿ ಕಂಡರೆ ಭಗ್ಗನೆ ಹೊತ್ತಿಕೊಳ್ಳುವ ವಸ್ತು ಅದು. ಮುಚ್ಚಿಟ್ಟು ಮಾಡಿದ ವಿಮೆ ಸಮಯಕ್ಕೆ ಕೈಕೊಡುತ್ತದೆ. ಇಪ್ಪತ್ತೇಳನೆಯ ನಂಬ್ರದ ಎದುರು ಮಾತ್ರ ಅವರು ದಿನವಿಡೀ ಕೂತರು. ಅದು ರಥಬೀದಿಯ ತಗಡಿನ ದೋಣಿ. ಮಗಳಿಗೆ ಮೂರು ತುಂಬಿದ ವರ್ಷ ವಿಟ್ಲಪಿಂಡಿಯ ಗದ್ದಲದಲ್ಲಿ ಕೊಂಡದ್ದು.

“ನೂರು ರೂಪಾಯಿ ಹಾಕಲಾ?” ಎಂದು ಹೆಂಡತಿಯನ್ನು ಕೇಳಿದರು.

“ನೂರು ರೂಪಾಯಿ ಕೊಟ್ಟರೆ ನೀವು ಕೊಡುತ್ತೀರಾ?”

“ಇಲ್ಲ.”

“ಸಾವಿರಕ್ಕೆ?”

ಅವರು ಮಾತಾಡಲಿಲ್ಲ. “ಮತ್ತೆ ಎಂತಕ್ಕೆ ಬರೆಯುವುದು? ಮೇಲೆ ಇಡಿ” ಎಂದು ಆಕೆ ಒಳಗೆ ಹೋದರು.

ಕಪಾಟಿನ ವ್ಯವಸ್ಥೆಯೇ ಅಂದಿನಿಂದ ತಿರುಗಿತು. ಕಣ್ಣಿಗೆ ಅಂದವಾಗಿದ್ದು ಹೆಚ್ಚು ಬೆಲೆ ನಮೂದಾದವು ಕೆಳಗಿನ ಅರೆಗೆ ಇಳಿದವು. ಅವಕ್ಕೆ ಪಾಲಿಸಿ ಉಂಟು. ಸೀಳಿದ ಚೆನ್ನೆಮಣೆ, ನಾಣ್ಯದ ಆಲ್ಬಮ್ಮು, ದೋಣಿ ಇವೆಲ್ಲ ಅಟ್ಟ ಹತ್ತಿದವು. ಪಟ್ಟಿ ಮುಳುಗಿದರೆ ವಿಮೆಯೂ ಮುಳುಗಿದಂತೆ ಎಂದು ಏಜೆಂಟ ಹುಡುಗ ಹೇಳಿದ್ದರಿಂದ ಅದರ ಒಂದು ಪ್ರತಿ ಕಾರ್ಕಳದ ಮಗಳ ಮನೆಗೆ ಹೋಯಿತು. ಪುಟ ತಿರುವಿ ನೋಡಿ ಅವಳು ರಾತ್ರಿ ಫೋನು ಮಾಡಿದಳು.

“ಅಪ್ಪ, ಇಪ್ಪತ್ತೇಳರ ಎದುರು ಬೆಲೆ ಬರೆಯಲೇ ಇಲ್ಲವಲ್ಲ?”

“ಅದು ಅಟ್ಟದಲ್ಲಿ ಉಂಟು” ಎಂದರು ಯಜಮಾನರು.