ಹಳೆಯ ಗಾಡಿಗೆ ಯಾವ ಎಂಜಿನ್?

ಮನೆಯ ಮುಂದೆ ಹಳೆಯ ಗಾಡಿಯೊಂದು ಕೆಟ್ಟು ನಿಂತರೆ ಊರಿಗೆ ಊರೇ ಮಿಸ್ತ್ರಿಯಾಗುತ್ತದೆ. ‘ಗುಜರಿಗೆ ಹಾಕ್ರಿ’ ಎನ್ನುವವರು ಕೆಲವರು, ‘ದೊಡ್ಡ ಎಂಜಿನ್ ಕೂಡಿಸ್ರಿ’ ಎನ್ನುವವರು ಕೆಲವರು. 2008ರ ಬೇಸಿಗೆಯಲ್ಲಿ ಹೆಬ್ಬಳ್ಳಿಯ ನಮ್ಮ ಅಂಗಳದಲ್ಲೂ ಇಂಥ ಸಭೆ ನಡೆಯಿತು. ಅಂದು ಕಲಿತ ಪಾಠ ಗಾಡಿ ಇರುವ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು 1996ರ ಟಾಟಾ 207. ಅಬ್ಬಾ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. ನಾವು ಮೂವರು ಅಣ್ಣತಮ್ಮಂದಿರು ಸರದಿಯ ಮೇಲೆ ಓಡಿಸುತ್ತಿದ್ದೆವು. ಹೆಸರು, ಕಡಲೆ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ, ಒಣಮೆಣಸಿನಕಾಯಿ ಬ್ಯಾಡಗಿಗೆ. ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಧಾರವಾಡದ ಆಸ್ಪತ್ರೆಗೆ ಹೋಗುತ್ತಿದ್ದುದೂ ಅದೇ ಗಾಡಿ. ಅದು ನಿಂತರೆ ನಮ್ಮ ಒಲೆಯಷ್ಟೇ ಅಲ್ಲ, ಓಣಿಯ ಎಷ್ಟೋ ಕೆಲಸಗಳು ನಿಲ್ಲುತ್ತಿದ್ದವು.

ನಿಂತದ್ದೂ ಮೆಣಸಿನಕಾಯಿ ಹೇರಿದಾಗಲೇ. ಹುಬ್ಬಳ್ಳಿ ದಾಟಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾಂವಿಯ ಕಡೆ ಹೋಗುತ್ತಿರುವಾಗ ಶಾಖದ ಮುಳ್ಳು ಕೆಂಪಿಗೆ ಏರಿತು. ‘ಇನ್ನೇನು ಸ್ವಲ್ಪ ದೂರ’ ಎಂದು ಓಡಿಸಿದೆವು. ತಪ್ಪು ನಮ್ಮದೇ. ಗಾಡಿ ತಾನಾಗಿ ನಿಂತ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದರೆ ಅದರ ಮೇಲೆ ಮಜ್ಜಿಗೆಯಂಥ ಬಿಳಿ ನೊರೆ. ನೀರು ಆಯಿಲ್ಲಿಗೆ ಸೇರಿತ್ತು. ಮೆಣಸಿನಕಾಯಿ ನೆರೆಮನೆಯ ಕಾಕಾ ಅವರದು. ಬೇರೆ ಲಾರಿ ಹುಡುಕಿ ಚೀಲ ದಾಟಿಸುವಷ್ಟರಲ್ಲಿ ಆ ದಿನದ ಮಾರಾಟ ತಪ್ಪಿತು. ಅವರು ಒಂದು ಮಾತೂ ಆಡಲಿಲ್ಲ, ಅದೇ ನಮಗೆ ಹೆಚ್ಚು ನೋವಾಯಿತು. ಮುಂಗಡ ಪಡೆದಿದ್ದ ಬಾಡಿಗೆಯನ್ನು ಅಬ್ಬಾ ಮರುದಿನವೇ ಮರಳಿಸಿ ಬಂದರು.

ಹುಬ್ಬಳ್ಳಿಯ ಮಿಸ್ತ್ರಿ ಎಂಜಿನ್ ಬಿಚ್ಚಿದರು. ಹೆಡ್ ಅಷ್ಟೇ ಅಲ್ಲ, ಬ್ಲಾಕ್ ಕೂಡ ಸೀಳಿತ್ತು. ಬೋರ್ ಹೊಡೆಸಿ, ಪಿಸ್ಟನ್ ಹಾಕಿಸಿ ಉಳಿಸುವ ಕಾಲ ಮುಗಿದಿತ್ತು. ಬೇರೆ ಎಂಜಿನ್ ಬೇಕು. ಯಾವುದು?

ನಮ್ಮಲ್ಲಿ ಕಿರಿಯವನಿಗೆ ಉತ್ತರ ಸಿದ್ಧವಿತ್ತು: ಟಾಟಾ 407 ಲಾರಿಯ ಎಂಜಿನ್. ನಮ್ಮದು 483 ಜಾತಿಯದು, ಅಂದರೆ 4 ಸಿಲಿಂಡರು, ಒಂದೊಂದರ ವ್ಯಾಸ 83 ಮಿಲಿಮೀಟರು, ಒಟ್ಟು 1948 ಸಿಸಿ. 407ರದು 497, ವ್ಯಾಸ 97 ಮಿಲಿಮೀಟರು, ಒಟ್ಟು 2956 ಸಿಸಿ. ಅದರಲ್ಲಿ ಡೀಸೆಲ್ ನೇರವಾಗಿ ಪಿಸ್ಟನ್ನಿನ ಮೇಲೆಯೇ ಸಿಂಪಡಣೆಯಾಗುತ್ತದೆ. ನಮ್ಮದರಲ್ಲಿ ಮೊದಲು ಹೆಡ್ಡಿನೊಳಗಿನ ಚಿಕ್ಕ ಗೂಡಿನಲ್ಲಿ ಹೊತ್ತಿ, ಆಮೇಲೆ ಕೆಳಗೆ ಇಳಿಯುತ್ತದೆ. ಗೂಡಿನ ಗೋಡೆ ಒಂದಿಷ್ಟು ಶಾಖ ತಿನ್ನುವುದರಿಂದ ಡೀಸೆಲ್ ಹೆಚ್ಚು ಬೇಕು, ಚಳಿಗೆ ಬೇಗ ಸ್ಟಾರ್ಟ್ ಆಗದು. ಅವನ ವಾದ ಸುಳ್ಳಾಗಿರಲಿಲ್ಲ.

ಮಿಸ್ತ್ರಿ ಬೀಡಿ ಆರಿಸಿ ಹೇಳಿದರು: “ತಮ್ಮಾ, ಎತ್ತು ದೊಡ್ಡದು ತರ್ತಿ ಖರೆ, ನೊಗ ಯಾವುದು ಹೂಡ್ತಿ? ಗೇರ್ ಬಾಕ್ಸ್ ಹಳೇದು, ಕ್ಲಚ್ ಹಳೇದು, ರೇಡಿಯೇಟರ್ ಸಣ್ಣದು. ಮುಂದಿನ ತೂಕ ಹೆಚ್ಚಾಕ್ಕೈತಿ. ಎಳಿಯೂ ಶಕ್ತಿ ಬಂತಂತ ನೀ ಹೆಚ್ಚು ಹೇರ್ತಿ. ಬ್ರೇಕ್ ಅದ ಇರ್ತಾವಲ್ಲ?”

ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ. ಎಂಜಿನ್ ಓಡಿಸುತ್ತದೆ, ನಿಲ್ಲಿಸುವುದಿಲ್ಲ. ಮೆಣಸಿನಕಾಯಿ ಚೀಲದ ಮೇಲೆ ಕೂತು ಬರುವ ಕೂಲಿಯವರ ಜೀವ ಬ್ರೇಕಿನ ಮೇಲಿರುತ್ತದೆ. ಕಾನೂನಿನ ಮಾತೂ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ವಾಹನವನ್ನು ಮನಬಂದಂತೆ ಬದಲಿಸುವಂತಿಲ್ಲ. ಎಂಜಿನ್ ಬದಲಾದರೆ 14 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಕೇರಳದ ಪ್ರಕರಣವೊಂದರಲ್ಲಿ, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಕೂಡದು ಎಂದಿತು. ಆರ್‌ಸಿಯಲ್ಲಿ ಒಂದು ನಂಬರು, ಬ್ಲಾಕಿನ ಮೇಲೆ ಇನ್ನೊಂದು ಇದ್ದರೆ ಅಪಘಾತವಾದಾಗ ವಿಮೆಯ ಹಣಕ್ಕೂ ತೊಡಕು.

ಹೊಸ ಗಾಡಿಯ ಮಾತೂ ಬಂತು. ಅಬ್ಬಾ ಒಪ್ಪಲಿಲ್ಲ. ಕಂತು ಕಟ್ಟುವುದಕ್ಕಾಗಿಯೇ ಗಾಡಿ ಓಡಿಸುವುದಾದರೆ ಹೆರಿಗೆ ನೋವಿನವರನ್ನು ಪುಕ್ಕಟೆ ಒಯ್ಯುವುದು ಯಾವಾಗ ಎಂಬುದು ಅವರ ಪ್ರಶ್ನೆ. ಹೀಗೆ ಅದೇ ಜಾತಿಯ ಹಳೆಯ ಎಂಜಿನ್ ಹುಡುಕುವುದೆಂದು ತೀರ್ಮಾನವಾಯಿತು.

ಗುಜರಿ ಅಂಗಡಿಯೊಂದರಲ್ಲಿ ಸಿಕ್ಕಿತು. ಬೆಲೆಯೂ ಬೇರೆ ಕಡೆಗಿಂತ 12 ಸಾವಿರ ಕಡಿಮೆ. ಆದರೆ ಬ್ಲಾಕಿನ ಮೇಲೆ ನಂಬರು ಇರಬೇಕಾದ ಜಾಗವನ್ನು ಯಾರೋ ಉಜ್ಜಿ ಸವೆಸಿದ್ದರು. “ನಂಬರ್ ನಾವ ಹೊಡದು ಕೊಡ್ತೀವಿ, ಚಿಂತಿ ಬ್ಯಾಡ್ರಿ” ಎಂದರು ಅಂಗಡಿಯವರು. ಸುಳ್ಳೇಕೆ ಹೇಳಬೇಕು? ಮುಂಗಡ ಕೊಡಲು ನಾವು ಕಿಸೆಗೆ ಕೈ ಹಾಕಿದ್ದೆವು. ಗಾಡಿ ನಿಂತು ಮೂರು ವಾರವಾಗಿತ್ತು, ಮನೆಯಲ್ಲಿ ರೊಕ್ಕ ಕರಗುತ್ತಿತ್ತು. ‘ಅಬ್ಬಾಗೆ ಒಂದು ಮಾತು ಕೇಳಿ ಬರ್ತೀವಿ’ ಎಂದು ಎದ್ದು ಬಂದೆವು.

ಅಬ್ಬಾ ಕೇಳಿದ್ದು ಒಂದೇ: “ಯಾರ ಮನೀ ಗಾಡೀದು ಅದು?”

“ಗೊತ್ತಿಲ್ಲ ಅಬ್ಬಾ.”

“ಗೊತ್ತಿಲ್ಲಂದ್ರ ನಮ್ಮಂಥವರ ಮನೀದ ಇರಬೇಕು.”

ಮತ್ತೆ ಆ ಅಂಗಡಿಗೆ ನಾವು ಹೋಗಲಿಲ್ಲ.

ಇನ್ನೂ ಹತ್ತು ದಿನ ಅಲೆದ ಮೇಲೆ, ಹಿಂದಿನಿಂದ ಲಾರಿ ಗುದ್ದಿ ಹಾಳಾದ 207ರ ಎಂಜಿನ್ ಸಿಕ್ಕಿತು. ರಸೀದಿ, ಕಾಗದ ಎಲ್ಲ ಸರಿಯಿತ್ತು. ಮಿಸ್ತ್ರಿ ನಮ್ಮನ್ನು ಬೆಳಗಿನ ಜಾವವೇ ಕರೆದೊಯ್ದರು. ಮಾರುವವರು ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಎಲ್ಲ ರೋಗವನ್ನೂ ಮುಚ್ಚಿಡುತ್ತದಂತೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ತತ್ವವೇ ಇಂದಿಗೂ ನಡೆದಿದೆ: ಗಾಳಿಯನ್ನು ಹಿಂಡಿದರೆ ಕಾಯುತ್ತದೆ, ಆ ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ಕಿಡಿಯಿಲ್ಲದೇ ಹೊತ್ತುತ್ತದೆ. ಆದ್ದರಿಂದ ಹಿಂಡುವ ಬಲವೇ ಡೀಸೆಲ್ ಎಂಜಿನ್ನಿನ ಜೀವ. ನಾಲ್ಕೂ ಸಿಲಿಂಡರಿಗೆ ಗೇಜ್ ಹಚ್ಚಿ ಕಂಪ್ರೆಶನ್ ಸಮನಾಗಿದೆಯೇ ನೋಡಿದರು. ಆಯಿಲ್ ಮುಚ್ಚಳ ತೆಗೆದು ಒಳಗಿಂದ ಹೊಗೆ ಉಗುಳುತ್ತದೆಯೇ ನೋಡಿದರು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಡೀಸೆಲ್ ಹೆಚ್ಚಾಗಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗಿಳಿದಿರಬಹುದು ಎಂದು ತಿಳಿಸಿಕೊಟ್ಟರು.

ಎಂಜಿನ್ ತಂದು ಇಳಿಸಿದೆವು. ಇಂದೇ ಕೂಡಿಸುವರೆಂದು ನಾವು ಕಾದರೆ, ಮಿಸ್ತ್ರಿ ನಮ್ಮ ಹಳೆಯ ರೇಡಿಯೇಟರನ್ನು ಕೊಯ್ದು ಮುಂದಿಟ್ಟರು. ಒಳಗಿನ ನಳಿಕೆಗಳಲ್ಲಿ ಸುಣ್ಣದಂಥ ಬಿಳಿ ಪದರು ಕಟ್ಟಿ, ಅರ್ಧಕ್ಕರ್ಧ ಮುಚ್ಚಿದ್ದವು. ವರ್ಷಗಟ್ಟಲೆ ನಾವು ಸುರಿದದ್ದು ಹೊಲದ ಬೋರಿನ ಗಡಸು ನೀರು. “ಹಳೇದು ಯಾಕ ಸತ್ತಿತು ಅಂತ ನೋಡಲಾರದ ಹೊಸಾದು ಕೂಡಿಸಿದ್ರ, ಅದೂ ಅದ ರೋಗಕ್ಕ ಸಾಯತೈತಿ” ಎಂದರು. ಬೇರೆ ರೇಡಿಯೇಟರ್, ಬೇರೆ ವಾಟರ್ ಪಂಪ್, ಬೋರಿನ ನೀರಿನ ಬದಲು ಕೂಲೆಂಟ್ ಹಾಕಿದ ಮೇಲೆಯೇ ಎಂಜಿನ್ ಕೂಡಿತು. ಆ ವಾರವೇ ಆರ್‌ಸಿಯಲ್ಲಿ ಹೊಸ ನಂಬರು ದಾಖಲಿಸಲು ಅರ್ಜಿ ಕೊಟ್ಟೆವು.

ಯೋಚಿಸಿದರೆ, ಎಂಜಿನ್ ಹುಡುಕಲು ಒಂದು ತಿಂಗಳು ಅಲೆದ ನಾವು, ಹಳೆಯದು ಸತ್ತದ್ದೇಕೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದು, ಹೊಸ ಡೀಸೆಲ್ ಗಾಡಿಗಳಲ್ಲಿ ಕಂಪ್ಯೂಟರು, ಹೊಗೆ ಶುದ್ಧಿ ಮಾಡುವ ಸಾಧನ ಎಲ್ಲ ಸೇರಿವೆ. ಅಂಥ ಎಂಜಿನ್ನನ್ನು ಹಳೆಯ ಗಾಡಿಗೆ ಕೂಡಿಸುವುದು ಮೊದಲಿನಷ್ಟು ಸುಲಭವಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳು ಹಳೆಯವೇ: ಹಿಂದಿನದು ಯಾಕೆ ಕೆಟ್ಟಿತು? ಹೊಸದನ್ನು ಉಳಿದ ಗಾಡಿ ತಾಳೀತೇ? ಇದು ಯಾರದು?

ನಮ್ಮ 207 ಆ ಎಂಜಿನ್ನಿನ ಮೇಲೆ 2017ರವರೆಗೂ ಓಡಿತು. ಮರುವರ್ಷದ ಮೆಣಸಿನಕಾಯಿ ಸುಗ್ಗಿಗೆ ಮೊದಲು ಬಂದು ಚೀಲ ಹೇರಿಸಿದವರು ಅದೇ ನೆರೆಮನೆಯ ಕಾಕಾ. ದಾರಿಯಲ್ಲಿ ಮೋಟೆಬೆನ್ನೂರಿನ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ ಅವರು ಇಳಿದು ಮುಂದೆ ಬಂದು, ಶಾಖದ ಮುಳ್ಳು ಎಲ್ಲಿದೆ ಎಂದು ತಾವೇ ಬಗ್ಗಿ ನೋಡಿದರು. ಆಮೇಲೆ ನಮ್ಮ ಮುಖ ನೋಡಿ ನಕ್ಕರು.